ದೊಡ್ಡ ಹೋಟೆಲುಗಳ ಸಣ್ಣ ನೆನಪುಗಳು



ನಾನು ಕಾಲೇಜಿನಲ್ಲಿ ಚರಿತ್ರೆಯನ್ನು ಬೋಧಿಸುವವನು. ಒಂದು ವರ್ಷದ ಹಿಂದೆ ನನ್ನ ತರಗತಿಯ ವಿದ್ಯಾರ್ಥಿಗಳಿಗೆ ಒಂದು ಚಿಕ್ಕ ಕೆಲಸವನ್ನು ಕೊಟ್ಟೆನು. "ನಿಮ್ಮ ಮನೆಯಲ್ಲಿ ಪ್ರಯಾಣಕ್ಕೆ ಸಂಬಂಧಪಟ್ಟ ಹಳೆಯ ಪದಾರ್ಥ ಯಾವುದಾದರೂ ಇದ್ದರೆ ತನ್ನಿರಿ; ಅದು ಮನೆಗೆ ಬಂದ ಬಗೆಯನ್ನು ಹಿರಿಯರಿಂದ ಕೇಳಿ ಬರೆದುಕೊಂಡು ಬನ್ನಿರಿ" ಎಂದು ಹೇಳಿದೆನು. ಆ ತರಗತಿಯಲ್ಲಿ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಈ ನಾಲ್ಕು ಕಡೆಯ ಮಕ್ಕಳಿದ್ದರು. ಎಲೆಯಡಕೆಯ ಸಂಚಿ, ತಾಮ್ರದ ಗಿಂಡಿ, ಗಾಡಿಯ ಲಾಂದ್ರ, ಸೋರೆಬುರುಡೆ ಇಂಥವು ಬರುತ್ತವೆಂದು ನಾನು ಎಣಿಸಿದ್ದೆನು. ಅವೂ ಬಂದುವು. ಆದರೆ ನಾನು ಎಣಿಸದೆ ಇದ್ದ ನಾಲ್ಕು ಪದಾರ್ಥಗಳು ಅವುಗಳ ನಡುವೆ ಇದ್ದುವು. ನಾಲ್ಕೂ ದೊಡ್ಡ ಹೋಟೆಲುಗಳಿಗೆ ಸೇರಿದವು.

ಚನ್ನಗಿರಿಯ ಕಡೆಯ ಅಡಕೆ ತೋಟದವರ ಮನೆಯಿಂದ ಒಂದು ಚರ್ಮದ ಪೆಟ್ಟಿಗೆ ಬಂದಿತು. ಕಾಫಿ ತೋಟದ ದೊರೆಯೊಬ್ಬನು ಸ್ವದೇಶಕ್ಕೆ ಹಿಂದಿರುಗುವಾಗ ಮಾರಿದ ಸಾಮಾನುಗಳಲ್ಲಿ ಅದನ್ನು ಕೊಂಡರಂತೆ. ಅದರ ಮುಚ್ಚಳದ ಮೇಲೆ ಹೋಟೆಲೊಂದರ ಬಣ್ಣದ ಲೇಬಲ್ಲು ಅಂಟಿದೆ. ಹೆಸರು ಹರಿದುಹೋಗಿ, ಒಂದು ತುಂಡು ಕಡಲೂ ಅರ್ಧ ಬೆಟ್ಟವೂ ಉಳಿದಿವೆ. ಮನೆಯವರು ಅದರಲ್ಲಿ ಜಮೀನಿನ ಪತ್ರಗಳನ್ನು ಇಟ್ಟಿದ್ದರು. ನ್ಯಾಮತಿಯ ವರ್ತಕರ ಮನೆಯಿಂದ ಬೆಂಗಳೂರಿನ ಹೋಟೆಲೊಂದರ ಬಿಲ್ಲು ಬಂದಿತು. ಮಂಡಿಯ ಹಳೆಯ ಕಾಗದಗಳನ್ನು ಚುಚ್ಚಿಡುವ ಕಂಬಿಯಲ್ಲಿ ಅದು ಸಿಕ್ಕಿಕೊಂಡಿತ್ತು. ಬಿಲ್ಲಿನಲ್ಲಿ ಕೊಠಡಿಯ ಬಾಡಿಗೆಯೂ ಇಲ್ಲ, ಊಟವೂ ಇಲ್ಲ. ಎರಡು ಟೀ ಮಾತ್ರ. ಜಗಳೂರಿನ ಹುಡುಗಿಯೊಬ್ಬಳು ಹಿತ್ತಾಳೆಯ ಬಿಲ್ಲೆಯನ್ನು ತಂದಳು. ಅದರ ಮೇಲೆ 14 ಎಂಬ ಸಂಖ್ಯೆಯಿದೆ. ಯಾವುದೋ ಹೋಟೆಲಿನ ಕೊಠಡಿಯ ಬೀಗದ ಕೈಗೆ ಕಟ್ಟಿದ್ದ ಅದು, ಅವರ ಮನೆಯಲ್ಲಿ ಕಾಳಿನ ಉಗ್ರಾಣದ ಬೀಗದ ಕೈಗೆ ಕಟ್ಟಿಕೊಂಡು ಬಹುಕಾಲ ದುಡಿದಿದೆ. ಹೊನ್ನಾಳಿಯ ಕಡೆಯ ಹುಡುಗನೊಬ್ಬನು ಒಂದು ಚಮಚವನ್ನು ತಂದನು. ಹಿಡಿಯ ತುದಿಯಲ್ಲಿ ಮೈಸೂರಿನ ದೊಡ್ಡ ಹೋಟೆಲೊಂದರ ಹೆಸರು ಕೊರೆದಿದೆ. ಆ ಹುಡುಗನು ಅದನ್ನು ನಾಲ್ಕು ಜನರ ಮುಂದೆ ತೆಗೆಯಲಿಲ್ಲ; ತರಗತಿ ಮುಗಿದು ಎಲ್ಲರೂ ಹೋದ ಮೇಲೆ ಕರವಸ್ತ್ರದ ಗಂಟನ್ನು ಬಿಚ್ಚಿ ನನ್ನ ಮೇಜಿನ ಮೇಲಿಟ್ಟನು. "ಸಾರ್, ಇದು ಕದ್ದದ್ದು ಇರಬಹುದು" ಎಂದನು.

ಈ ಹೊತ್ತಿನ ನನ್ನ ಮಾತಿಗೆ ಆ ಚಮಚವೇ ಕಾರಣ. ಹಳೆಯ ದೊಡ್ಡ ಹೋಟೆಲುಗಳ ಲೇಬಲ್ಲು, ಬಿಲ್ಲು, ಬೀಗದ ಕೈ, ತಟ್ಟೆ, ಚಮಚ ಮೊದಲಾದುವನ್ನು ಕೂಡಿಡುವ ಹವ್ಯಾಸ ಪ್ರಪಂಚದಲ್ಲೆಲ್ಲ ಬೆಳೆದಿದೆ. ಅವುಗಳಿಗೆ ಬೆಲೆಯೂ ಉಂಟು. ಆದರೆ ಅವು ಚರಿತ್ರೆಗೆ ಎಷ್ಟರಮಟ್ಟಿಗೆ ಸಾಕ್ಷಿಯಾಗುತ್ತವೆ, ಯಾರ ಪರವಾದ ಸಾಕ್ಷಿಯಾಗುತ್ತವೆ ಎಂಬುದು ಯೋಚಿಸತಕ್ಕ ವಿಷಯ.

ಮೊದಲು ಒಂದು ಪ್ರಶ್ನೆ ಏಳುತ್ತದೆ. ನಾನು ಹೆಸರಿಸಿದ ನಾಲ್ಕು ಸ್ಥಳಗಳಲ್ಲಿಯೂ ಇಂಥ ಹೋಟೆಲು ಯಾವ ಕಾಲಕ್ಕೂ ಇರಲಿಲ್ಲ. ಈಗ ಇವು ದಾವಣಗೆರೆ ಜಿಲ್ಲೆಯವು. 1997ರಲ್ಲಿ ಆ ಜಿಲ್ಲೆ ಏರ್ಪಡುವವರೆಗೆ ಚನ್ನಗಿರಿ ಹೊನ್ನಾಳಿಗಳು ಶಿವಮೊಗ್ಗೆಗೂ ಜಗಳೂರು ಚಿತ್ರದುರ್ಗಕ್ಕೂ ಸೇರಿದ್ದುವು. ನ್ಯಾಮತಿ ಹೊನ್ನಾಳಿ ತಾಲ್ಲೂಕಿನೊಳಗೇ ಇದ್ದು ಈಚೆಗೆ ಪ್ರತ್ಯೇಕ ತಾಲ್ಲೂಕಾಯಿತು. ಅಡಕೆ, ಬತ್ತ, ಜೋಳ ಬೆಳೆಯುವ ಸೀಮೆ. ಇಲ್ಲಿಗೆ ಬಂದ ಪ್ರಯಾಣಿಕನು ಇಳಿದುಕೊಳ್ಳುತ್ತಿದ್ದುದು ನಂಟರ ಮನೆಯಲ್ಲಿ, ಇಲ್ಲವೆ ಮಠದಲ್ಲಿ, ಗುಡಿಯ ಜಗಲಿಯ ಮೇಲೆ, ಛತ್ರದಲ್ಲಿ. ಸರ್ಕಾರದ ಅಧಿಕಾರಿಯಾದರೆ ಮುಸಾಫಿರ್ ಬಂಗಲೆಯಲ್ಲಿ.

ಈ ಸೀಮೆಯಲ್ಲಿ ಪ್ರಯಾಣಿಕರ ಹೆಸರನ್ನು ಹೊತ್ತು ಇಂದಿಗೂ ನಿಂತಿರುವ ಕಟ್ಟಡವೆಂದರೆ ಚನ್ನಗಿರಿ ತಾಲ್ಲೂಕಿನ ಸಂತೆಬೆನ್ನೂರಿನ ಮುಸಾಫಿರ್‌ಖಾನೆ. ಅಲ್ಲಿಯ ಪುಷ್ಕರಣಿಯನ್ನೂ ಅದರ ನಡುವಣ ವಸಂತಮಂಟಪವನ್ನೂ ನಿಮ್ಮಲ್ಲಿ ಅನೇಕರು ನೋಡಿರಬಹುದು. ಹೊಂಡವು 16ನೆಯ ಶತಮಾನದಲ್ಲಿ ಅಲ್ಲಿ ಆಳಿದ ಪಾಳೆಯಗಾರ ಹನುಮಪ್ಪನಾಯಕನದೆಂದೂ, ಪಕ್ಕದ ಮುಸಾಫಿರ್‌ಖಾನೆಯು ಆಮೇಲೆ ಬಂದ ಬಿಜಾಪುರದ ಸೇನಾನಿ ರಣದುಲ್ಲಾಖಾನನ ಕಾಲದ್ದೆಂದೂ ಹೇಳುತ್ತಾರೆ. ಎರಡೂ ಈಗ ಕೇಂದ್ರ ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿವೆ. ಮುಸಾಫಿರ್‌ಖಾನೆಯಲ್ಲಿ ತಂಗಿದವನು ಅಲ್ಲಿಂದ ಯಾವ ಗುರುತನ್ನೂ ಒಯ್ಯುತ್ತಿರಲಿಲ್ಲ. ಒಯ್ಯಲು ಅಲ್ಲಿ ಇದ್ದುದಾದರೂ ಏನು? ನೆರಳು, ನೀರು, ಕಲ್ಲಿನ ನೆಲ. ಹಾಸಿಗೆ ಪ್ರಯಾಣಿಕನದು, ಪಾತ್ರೆ ಪ್ರಯಾಣಿಕನದು. ಛತ್ರಗಳ ಕಥೆಯೂ ಇದೇ. ಬಾಳೆಯೆಲೆಯ ಮೇಲೆ ಉಂಡು ಎಲೆಯನ್ನು ಎಸೆದು ಮುಂದಿನ ಊರಿಗೆ ಹೊರಟವನ ಕೈಯಲ್ಲಿ ಉಳಿಯುವುದು ಪುಣ್ಯದ ಮಾತೇ ಹೊರತು ಪದಾರ್ಥವಲ್ಲ. ಕಟ್ಟಿಸಿದವನ ಹೆಸರು ಕಲ್ಲಿನ ಮೇಲೆ ಉಳಿಯಿತು. ತಂಗಿದವನ ಹೆಸರು ಎಲ್ಲಿಯೂ ಉಳಿಯಲಿಲ್ಲ.

ಹೋಟೆಲು ಎಂಬುದು ಇದಕ್ಕೆ ತಿರುಗುಮುರುಗಾದ ಏರ್ಪಾಡು. ಅಲ್ಲಿ ಹಾಸಿಗೆಯೂ ಪಾತ್ರೆಯೂ ಮನೆಯ ಯಜಮಾನನವು; ತಂಗುವವನು ಹಣ ಕೊಟ್ಟು ಬಳಸುವವನು. ಆದಕಾರಣ ಪ್ರತಿಯೊಂದು ಪದಾರ್ಥದ ಮೇಲೂ ಯಜಮಾನನ ಹೆಸರು ಬೇಕಾಯಿತು; ತಂಗಿದವನ ಹೆಸರು ರಿಜಿಸ್ಟರಿನಲ್ಲಿ ಬೇಕಾಯಿತು.

ಮೈಸೂರು ಸಂಸ್ಥಾನದಲ್ಲಿ ಈ ಬಗೆಯ ಹೋಟೆಲುಗಳು ಮೊದಲು ಕಾಲೂರಿದ್ದು ಬೆಂಗಳೂರಿನಲ್ಲಿ. ಈಗ ವೆಸ್ಟ್ ಎಂಡ್ ಎಂದು ಹೆಸರಾಗಿರುವ ಹೋಟೆಲು 1887ರಲ್ಲಿ ಬ್ರಾನ್ಸನ್ ಎಂಬ ಆಂಗ್ಲ ಮಹಿಳೆ ನಡೆಸುತ್ತಿದ್ದ ಹತ್ತು ಕೊಠಡಿಗಳ ವಸತಿಗೃಹವಾಗಿ ಆರಂಭವಾಯಿತು. ಮುಂದೆ ಸ್ಪೆನ್ಸರ್ ಕಂಪನಿಯ ಕೈಗೆ ಹೋಗಿ, 1984ರಲ್ಲಿ ತಾಜ್ ಸಂಸ್ಥೆಗೆ ಸೇರಿತು. ಮೈಸೂರಿನ ಕಥೆ ಬೇರೆ. ಅಲ್ಲಿ ದಸರೆಯೇ ಮೂಲ. ದಸರೆಗೆ ಬರುವ ಆಂಗ್ಲ ಅತಿಥಿಗಳಿಗೆ ಅವರ ರೀತಿಯ ಊಟ ವಸತಿಗಳು ಬೇಕಾಗಿದ್ದುವು. ನಾಲ್ವಡಿ ಕೃಷ್ಣರಾಜ ಒಡೆಯರವರು ಇದಕ್ಕಾಗಿ 1920ರಲ್ಲಿ ಮೆಟ್ರೊಪೋಲ್ ಹೋಟೆಲಿನ ಕಟ್ಟಡವನ್ನು ಕಟ್ಟಿಸಿದರು. ಮರುವರ್ಷ, 1921ರಲ್ಲಿ, ಲಲಿತಮಹಲಿಗೆ ಅಸ್ತಿಭಾರವಾಯಿತು. ಮುಂಬಯಿಯ ಶಿಲ್ಪಿ ಇ. ಡಬ್ಲ್ಯು. ಫ್ರಿಚ್‌ಲಿಯವರು ಲಂಡನ್ನಿನ ಸೇಂಟ್ ಪಾಲ್ ದೇವಾಲಯದ ಗುಮ್ಮಟವನ್ನು ಮಾದರಿಯಾಗಿಟ್ಟುಕೊಂಡು ಅದನ್ನು ರಚಿಸಿದರು. ವೈಸರಾಯರ ಬಿಡಾರಕ್ಕೆಂದು ಕಟ್ಟಿದ ಆ ಅರಮನೆ 1974ರಲ್ಲಿ ಹೋಟೆಲಾಯಿತು.

ಅದೇ ದಸರೆಗೆ ನಮ್ಮ ತಾಲ್ಲೂಕುಗಳಿಂದಲೂ ಜನ ಹೋಗುತ್ತಿದ್ದರು. 1881ರಲ್ಲಿ ದಿವಾನ್ ರಂಗಾಚಾರ್ಲು ಅವರು ಪ್ರಜಾಪ್ರತಿನಿಧಿ ಸಭೆಯನ್ನು ಸ್ಥಾಪಿಸಿದರು. ಮೊದಲ ಸಭೆಗೆ ಬಂದವರು 144 ಜನ. ಸಭೆಯು ದಸರೆಯ ಸಮಯದಲ್ಲಿ ಮೈಸೂರಿನಲ್ಲಿ ಸೇರುತ್ತಿದ್ದಿತು. ತಾಲ್ಲೂಕುತಾಲ್ಲೂಕಿನ ಜಮೀನುದಾರರೂ ವರ್ತಕರೂ ಅಹವಾಲುಗಳನ್ನು ಬರೆದುಕೊಂಡು ಹೊರಡುತ್ತಿದ್ದರು. ಅವರ ಹಿಂದೆ ನೆಂಟರು, ಆಳುಕಾಳುಗಳು, ಉತ್ಸವ ನೋಡಬೇಕೆಂಬ ಆಸೆಯ ಹುಡುಗರು. ರೈಲುದಾರಿಯವರೆಗೆ ಎತ್ತಿನ ಗಾಡಿ, ಅಲ್ಲಿಂದ ಮುಂದೆ ರೈಲು. ಇವರು ಇಳಿದುಕೊಂಡದ್ದು ಮೈಸೂರಿನ ಛತ್ರಗಳಲ್ಲಿ, ಜಾತಿಬಾಂಧವರ ಮನೆಗಳಲ್ಲಿ, ಮಠಗಳಲ್ಲಿ. ಒಂದೇ ಮೆರವಣಿಗೆಯನ್ನು ನೋಡಲು ಬಂದ ಎರಡು ಬಗೆಯ ಅತಿಥಿಗಳು ಒಂದೇ ಊರಿನಲ್ಲಿ ರಾತ್ರಿ ಕಳೆದರು. ಒಬ್ಬರ ಬಿಡಾರದ ಒಳಗಣ ವ್ಯವಸ್ಥೆಯನ್ನು ಇನ್ನೊಬ್ಬರು ಕಾಣಲಿಲ್ಲ. ಕಂಡವರು ಮೂರನೆಯ ಪಂಗಡದವರು: ಹಳ್ಳಿಯಿಂದ ಬಂದು ಹೋಟೆಲಿನ ಅಡಿಗೆಮನೆಯಲ್ಲಿ, ತೋಟದಲ್ಲಿ, ಬಾಗಿಲಿನಲ್ಲಿ ಕೆಲಸಕ್ಕೆ ನಿಂತವರು. ಹೊನ್ನಾಳಿಯ ಹುಡುಗನ ಮುತ್ತಜ್ಜ ಅಂಥವರಲ್ಲೊಬ್ಬರು. ಅವರ ಕೆಲಸ ತಟ್ಟೆ ತೊಳೆಯುವುದು.

ಇನ್ನು, ಈ ಪದಾರ್ಥಗಳನ್ನು ಓದುವುದು ಹೇಗೆಂಬುದನ್ನು ನೋಡೋಣ. ಶಾಸನವನ್ನು ಓದುವಂತೆಯೇ ಇವನ್ನೂ ಓದಬಹುದು.

ಪೆಟ್ಟಿಗೆಯ ಲೇಬಲ್ಲನ್ನು ತೆಗೆದುಕೊಳ್ಳಿರಿ. ಹಡಗು ರೈಲುಗಳ ಕಾಲದಲ್ಲಿ ಸಿರಿವಂತ ಪ್ರಯಾಣಿಕನ ಸಂಗಡ ಹತ್ತಾರು ಪೆಟ್ಟಿಗೆಗಳಿರುತ್ತಿದ್ದುವು. ರೈಲುನಿಲ್ದಾಣದಲ್ಲಿಯೂ ರೇವಿನಲ್ಲಿಯೂ ಯಾವ ಪೆಟ್ಟಿಗೆ ಯಾವ ಹೋಟೆಲಿಗೆ ಎಂಬುದು ಕೂಲಿಯವನಿಗೆ ತಿಳಿಯಲೆಂದು ಲೇಬಲ್ಲು ಹುಟ್ಟಿತು. ಇದು ಜಾಹೀರಾತು ಸಹ ಆಗಬಲ್ಲುದೆಂಬುದನ್ನು ಹೋಟೆಲಿನವರು ಬೇಗನೆ ಕಂಡುಕೊಂಡರು. 20ನೆಯ ಶತಮಾನದ ಮೊದಲ ಭಾಗದಲ್ಲಿ ಇಟಲಿಯ ನೇಪಲ್ಸ್ ನಗರದ ರಿಕ್ಟರ್ ಎಂಬ ಮುದ್ರಣಾಲಯ ಕಲ್ಲಚ್ಚಿನಲ್ಲಿ ಬಹು ಸೊಗಸಾದ ಬಣ್ಣದ ಲೇಬಲ್ಲುಗಳನ್ನು ಅಚ್ಚುಹಾಕಿ ಅನೇಕ ದೇಶಗಳ ಹೋಟೆಲುಗಳಿಗೆ ಒದಗಿಸಿತು. ಕಡಲು, ಬೆಟ್ಟ, ತಾಳೆಮರ, ನಡುವೆ ಹೋಟೆಲಿನ ಕಟ್ಟಡ. ಇದು ಸಾಮಾನ್ಯವಾದ ಚಿತ್ರ. ಎರಡನೆಯ ಮಹಾಯುದ್ಧದ ಬಳಿಕ ವಿಮಾನಪ್ರಯಾಣ ಹೆಚ್ಚಿತು. ವಿಮಾನದಲ್ಲಿ ತೂಕಕ್ಕೆ ಮಿತಿ. ಭಾರವಾದ ಚರ್ಮದ ಪೆಟ್ಟಿಗೆ ಹೋಯಿತು. ಅದರೊಡನೆ ಲೇಬಲ್ಲೂ ಹೋಯಿತು. ಚನ್ನಗಿರಿಯ ಪೆಟ್ಟಿಗೆಯ ಮೇಲಿನ ಅರ್ಧ ಬೆಟ್ಟವು ಯಾವ ಊರಿನದೆಂದು ಹೇಳಲಾರೆವಾದರೂ ಯಾವ ಯುಗದ್ದೆಂದು ಹೇಳಬಲ್ಲೆವು.

ಬಿಲ್ಲು ಇನ್ನೂ ಚೆನ್ನಾಗಿ ಮಾತನಾಡುತ್ತದೆ. ನ್ಯಾಮತಿಯ ಬಿಲ್ಲಿನಲ್ಲಿ ತಾರೀಖಿನ ಭಾಗ ಇಲಿ ಕಡಿದುಹೋಗಿದೆ. ಆದರೆ ಮೊಬಲಗಿಗೆ ಮೂರು ಮನೆಗಳನ್ನು ಗೀಟುಹಾಕಿದೆ: ರೂಪಾಯಿ, ಆಣೆ, ಪೈ. ನಮ್ಮ ದೇಶದಲ್ಲಿ 1957ರ ಏಪ್ರಿಲ್ 1ರಂದು ರೂಪಾಯಿಗೆ ನೂರು ನಯೇಪೈಸೆಯ ಲೆಕ್ಕ ಜಾರಿಗೆ ಬಂದಿತು. ಆದುದರಿಂದ ಇದು ಅದಕ್ಕೆ ಹಿಂದಿನ ಕಾಗದ. ಇಂಥ ಒಳಗಣ ಸಾಕ್ಷ್ಯಗಳು ಇನ್ನೂ ಕೆಲವುಂಟು. ವಿಳಾಸದಲ್ಲಿ ಆರು ಅಂಕಿಗಳ ಪಿನ್‌ಕೋಡು ಇದ್ದರೆ ಅದು 1972ರ ಆಗಸ್ಟ್ 15ಕ್ಕೆ ಈಚಿನದು. ಅಚ್ಚಾದ ವಿಳಾಸದಲ್ಲಿ ಕರ್ನಾಟಕವೆಂದಿದ್ದರೆ ಸಾಮಾನ್ಯವಾಗಿ 1973ರ ನವೆಂಬರ್ 1ಕ್ಕೆ ಈಚಿನದು. ಅಲ್ಲಿಯವರೆಗೆ ರಾಜ್ಯದ ಹೆಸರು ಮೈಸೂರು. ಲಲಿತಮಹಲ್ ಹೋಟೆಲಿನದೆಂದು ಹೆಸರು ಹೊತ್ತ ತಟ್ಟೆಯೊಂದನ್ನು ತೋರಿಸಿ ಯಾರಾದರೂ 1935ರದೆಂದು ಹೇಳಿದರೆ ನಂಬಬೇಡಿರಿ. ಆಗ ಅದು ಅರಮನೆಯ ಅತಿಥಿಗೃಹವಾಗಿತ್ತೇ ಹೊರತು ಹೋಟೆಲಾಗಿರಲಿಲ್ಲ.

ಆ ಎರಡು ಟೀಗಳ ಕಥೆಯನ್ನು ನ್ಯಾಮತಿಯ ಹಿರಿಯರೊಬ್ಬರು ಹೇಳಿದರು. ಅವರ ತಂದೆಯವರು ಆಂಗ್ಲ ಕಂಪನಿಯೊಂದರ ಏಜೆಂಟನನ್ನು ಕಾಣಲು ಬೆಂಗಳೂರಿಗೆ ಹೋದರಂತೆ. ಏಜೆಂಟನು ಇಳಿದಿದ್ದ ಹೋಟೆಲಿನ ಜಗಲಿಯಲ್ಲಿ ಮಾತು ನಡೆಯಿತು. ಟೀ ತರಿಸಿದವನು ಏಜೆಂಟ್, ಹಣ ಕೊಟ್ಟವರು ಇವರು. ಟೀಯನ್ನು ಇವರು ಮುಟ್ಟಲಿಲ್ಲ. ಹೊರಗೆ ಕುಡಿಯುವ ವಾಡಿಕೆ ಅವರಿಗಿರಲಿಲ್ಲ. ವ್ಯವಹಾರವು ಕುದುರಲಿಲ್ಲ. ಹಾಗಿದ್ದರೂ ಖರ್ಚು ಖರ್ಚೇ ಎಂದು ಬಿಲ್ಲನ್ನು ತಂದು ಕಂಬಿಗೆ ಚುಚ್ಚಿದರು. ವರ್ತಕನ ಶಿಸ್ತಿನಿಂದ ಉಳಿದ ಈ ತುಂಡು ಕಾಗದವು ಆ ಕಾಲದ ಹೋಟೆಲಿನ ಜಗಲಿ ಯಾರಿಗೆ ಎಷ್ಟರಮಟ್ಟಿಗೆ ತೆರೆದಿತ್ತು ಎಂಬುದನ್ನು ತಿಳಿಸುತ್ತದೆ.

ಕುಡಿದವರ ಬಾಕಿಯೂ ಚರಿತ್ರೆಯಾಗುವುದುಂಟು. ಬೆಂಗಳೂರು ಕ್ಲಬ್ಬು 1868ರಲ್ಲಿ ಆರಂಭವಾದ ಸಂಸ್ಥೆ. ಅದರ ಹಳೆಯ ಲೆಕ್ಕದ ಪುಸ್ತಕದಲ್ಲಿ 1899ರ ಜೂನ್ ತಿಂಗಳಿನ ಒಂದು ಪುಟವಿದೆ. ಬಾಕಿ ಉಳಿಸಿಕೊಂಡ ಹದಿನೇಳು ಜನರ ಹೆಸರುಗಳನ್ನು ಅಲ್ಲಿ ಬರೆದಿದೆ. ಅವರಲ್ಲೊಬ್ಬನು ಸೈನ್ಯದ ಯುವ ಅಧಿಕಾರಿ, ವಿನ್‌ಸ್ಟನ್ ಚರ್ಚಿಲ್. ಬಾಕಿ 13 ರೂಪಾಯಿ. ಮುಂದೆ ಬ್ರಿಟನ್ನಿನ ಪ್ರಧಾನಿಯಾದವನ ಆ ಸಾಲದ ಪುಟವನ್ನು ಕ್ಲಬ್ಬಿನವರು ಗಾಜಿನೊಳಗಿಟ್ಟು ಕಾಪಾಡಿದ್ದಾರೆ. ದೊಡ್ಡವನು ಕೊಡದೆ ಹೋದ 13 ರೂಪಾಯಿ ಸಂಸ್ಥೆಗೆ ಅಲಂಕಾರವಾಯಿತು. ಅದೇ ಮೊಬಲಗನ್ನು ಅಡಿಗೆಮನೆಯ ಆಳು ಉಳಿಸಿಕೊಂಡಿದ್ದರೆ ಆ ಪುಟವನ್ನು ಯಾರಾದರೂ ಗಾಜಿನೊಳಗಿಡುತ್ತಿದ್ದರೆ?

ಬೀಗದ ಕೈಯ ಬಿಲ್ಲೆಯನ್ನು ಭಾರವಾಗಿ ಮಾಡುತ್ತಿದ್ದುದು ಸುಮ್ಮನೆ ಅಲ್ಲ. ಜೇಬಿನಲ್ಲಿಟ್ಟುಕೊಂಡರೆ ಭಾರವೆನಿಸಿ ಅತಿಥಿಯು ಅದನ್ನು ಹೋಟೆಲಿನಲ್ಲೇ ಬಿಟ್ಟುಹೋಗಲಿ ಎಂಬ ಉದ್ದೇಶ. ಈಗ ಹೋಟೆಲುಗಳಲ್ಲಿ ಬೀಗದ ಕೈಯ ಬದಲು ತೆಳುವಾದ ಕಾರ್ಡನ್ನು ಕೊಡುತ್ತಾರೆ. ಅದನ್ನು ಮನೆಗೆ ತಂದರೂ ಉಗ್ರಾಣಕ್ಕೆ ಉಪಯೋಗವಿಲ್ಲ. ಜಗಳೂರಿನ ಬಿಲ್ಲೆಯ ಮೇಲೆ ಹೋಟೆಲಿನ ಹೆಸರು ಸವೆದುಹೋಗಿದೆ. ಭಾರವಾದುದರಿಂದ ಒಯ್ಯಬಾರದೆಂದು ಮಾಡಿದ ಪದಾರ್ಥವು ಭಾರವಾದುದರಿಂದಲೇ ಆ ಮನೆಗೆ ಒದಗಿಬಂದಿತು.

ಚಮಚದ ಮೇಲಿನ ಹೆಸರಿನ ವಿಷಯವೂ ಹೀಗೆಯೇ ವಿಚಿತ್ರ. ಒಯ್ಯದಿರಲೆಂದು ಕೊರೆದ ಹೆಸರಿಗಾಗಿಯೇ ಅತಿಥಿಯು ಅದನ್ನು ಒಯ್ದನು; ಹೆಸರಿಲ್ಲದ ಚಮಚ ಯಾರಿಗೆ ಬೇಕು? ಹೋಟೆಲಿನ ಚಮಚಗಳಲ್ಲಿ ಬಹುಪಾಲು ಶುದ್ಧವಾದ ಬೆಳ್ಳಿಯವಲ್ಲ. ಬರ್ಮಿಂಗ್‌ಹ್ಯಾಮಿನ ಎಲ್ಕಿಂಗ್ಟನ್ ಎಂಬವರು 1840ರಲ್ಲಿ ವಿದ್ಯುತ್ತಿನಿಂದ ಬೆಳ್ಳಿಯ ಲೇಪ ಹತ್ತಿಸುವ ಕ್ರಮಕ್ಕೆ ಹಕ್ಕು ಪಡೆದರು. ತಾಮ್ರ, ನಿಕ್ಕಲ್, ಸತು ಈ ಮೂರನ್ನು ಬೆರೆಸಿದ ಲೋಹದ ಮೇಲೆ ತೆಳ್ಳನೆಯ ಬೆಳ್ಳಿ. ಹಿಂಭಾಗದಲ್ಲಿ ಇ. ಪಿ. ಎನ್. ಎಸ್. ಎಂಬ ನಾಲ್ಕು ಅಕ್ಷರಗಳು ಇದ್ದರೆ ಇದೇ ಅರ್ಥ. ಮೇಜಿಗೆ ತಾಗುವ ಬೆನ್ನಿನಲ್ಲಿ ಮೊದಲು ಬೆಳ್ಳಿ ಸವೆದು ಒಳಗಣ ಲೋಹವು ಹಳದಿಯಾಗಿ ಕಾಣುತ್ತದೆ. ಹೊನ್ನಾಳಿಯ ಚಮಚವು ಬೆನ್ನಿನಲ್ಲಿ ಮಾತ್ರವಲ್ಲ, ತುದಿಯ ಎಡಗಡೆಯಲ್ಲಿಯೂ ಸವೆದಿದೆ. ಬಲಗೈಯಿಂದ ಹಿಡಿದು ಬಹುಕಾಲ ಕಲಸಿದ, ಕೆರೆದ ಚಮಚದ ಗುರುತು ಇದು. ಆ ಮನೆಯಲ್ಲಿ ಮೂರು ತಲೆಮಾರಿನ ಕೂಸುಗಳಿಗೆ ಬಜೆ ತೇದು ಕುಡಿಸಿದ್ದು ಇದರಿಂದಲೇ ಅಂತೆ. ಆದರೆ ನಂಟರಿಷ್ಟರು ಬಂದಾಗ ಇದನ್ನು ಒಳಗಿಡುತ್ತಿದ್ದರು.

ಇಲ್ಲಿಗೆ ನಾವು ಕಳವಿನ ಪ್ರಶ್ನೆಗೆ ಬಂದೆವು. ದೊಡ್ಡ ಹೋಟೆಲಿನಿಂದ ಅತಿಥಿಗಳು ಸಣ್ಣಪುಟ್ಟ ಪದಾರ್ಥಗಳನ್ನು ಒಯ್ಯುವುದು ಜಗತ್ತಿಗೆಲ್ಲ ತಿಳಿದ ಸಂಗತಿ. ನ್ಯೂಯಾರ್ಕಿನ ವಾಲ್ಡಾರ್ಫ್ ಅಸ್ಟೋರಿಯಾ ಹೋಟೆಲಿನವರು 2012ರಲ್ಲಿ ಒಂದು ಪ್ರಕಟನೆಯನ್ನು ಹೊರಡಿಸಿದರು: 1960ಕ್ಕೆ ಹಿಂದೆ ಒಯ್ದ ಪದಾರ್ಥಗಳನ್ನು ಯಾರು ಹಿಂದಿರುಗಿಸಿದರೂ ಯಾವ ಪ್ರಶ್ನೆಯನ್ನೂ ಕೇಳುವುದಿಲ್ಲ, ಹೋಟೆಲಿನ ಚರಿತ್ರೆಗೆ ಅವು ಬೇಕಾಗಿವೆ ಎಂದು. ಮನೆಮನೆಯಿಂದ ಪದಾರ್ಥಗಳು ಹಿಂದಿರುಗಿ ಬಂದುವು. 2018ರ ಏಪ್ರಿಲ್ ತಿಂಗಳಲ್ಲಿ ಪ್ಯಾರಿಸ್ಸಿನ ರಿಟ್ಸ್ ಹೋಟೆಲಿನವರು ತಮ್ಮ ಹಳೆಯ ಸಾಮಾನುಗಳನ್ನು ತಾವೇ ಹರಾಜಿಗಿಟ್ಟರು. ಸುಮಾರು ಹತ್ತು ಸಾವಿರ ಪದಾರ್ಥಗಳು. ಬಂದ ಹಣ ಸುಮಾರು 73 ಲಕ್ಷ ಯೂರೋ. ಎಣಿಸಿದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಕೊಂಡವರು ಕುರ್ಚಿಯನ್ನಾಗಲಿ ದೀಪವನ್ನಾಗಲಿ ಕೊಳ್ಳಲಿಲ್ಲ. ಅದರ ಬಳಿ ಯಾರು ಕುಳಿತಿದ್ದಿರಬಹುದು ಎಂಬ ಊಹೆಯನ್ನು ಕೊಂಡರು.

ಅತಿಥಿಯು ಚಮಚವನ್ನು ಕೈಚೀಲಕ್ಕೆ ಹಾಕಿಕೊಂಡರೆ ಅದಕ್ಕೆ ನೆನಪಿನ ಕಾಣಿಕೆಯೆಂದು ಹೆಸರು. ಐವತ್ತು ವರ್ಷಗಳ ಮೇಲೆ ಹಿಂದಿರುಗಿಸಿದರೆ ಆತನಿಗೆ ವಂದನೆ, ಮಾರಿದರೆ ಹಣ. ಅದೇ ಚಮಚವು ತಟ್ಟೆ ತೊಳೆದವನ ಮನೆಯಲ್ಲಿ ಸಿಕ್ಕಿದರೆ ಕದ್ದ ಮಾಲು. ಹೊನ್ನಾಳಿಯ ಹುಡುಗನು ತನ್ನ ಮುತ್ತಜ್ಜನನ್ನು ಕುರಿತು ನನ್ನ ಮುಂದೆ ಹೇಳಿದ ಮೊದಲ ಮಾತು ಕದ್ದದ್ದು ಎಂಬುದಾಗಿ ಇತ್ತಲ್ಲವೆ? ಆ ಮಾತನ್ನು ಅವನಿಗೆ ಯಾರೂ ಕಲಿಸಲಿಲ್ಲ. ಚಮಚವನ್ನು ಬಚ್ಚಿಡುತ್ತಿದ್ದ ರೀತಿಯಿಂದ ಅವನು ಕಲಿತನು.

ಮುಂದಿನ ಸಂಗತಿಯನ್ನು ಹೇಳುತ್ತೇನೆ. ಹುಡುಗನು ಚಮಚದ ಚಿತ್ರವನ್ನು ತೆಗೆದು ಹಳೆಯ ಸಾಮಾನಿನ ವ್ಯಾಪಾರಿಯೊಬ್ಬನಿಗೆ ಕಳುಹಿಸಿದ್ದನು. ವ್ಯಾಪಾರಿಯು ಒಂದು ಬೆಲೆಯನ್ನು ಹೇಳಿದನು. ಆ ಮನೆಗೆ ಅದು ಸಣ್ಣ ಮೊತ್ತವಲ್ಲ. ಆದರೆ ಒಂದು ಷರತ್ತು. ಚಮಚದ ಜೊತೆಗೆ ಒಂದು ಕಥೆ ಬೇಕು. ದಸರೆಯ ಔತಣದಲ್ಲಿ ಮಹಾರಾಜರು ಸಂತೋಷಪಟ್ಟು ಇದನ್ನು ನಮ್ಮ ಹಿರಿಯರಿಗೆ ಇನಾಮು ಕೊಟ್ಟರು ಎಂದು ಬರೆದು ಮನೆಯ ಹಿರಿಯರು ರುಜು ಹಾಕಿಕೊಡಬೇಕು. ಕಥೆಯಿಲ್ಲದಿದ್ದರೆ ಬೆಲೆ ಅರ್ಧ; ತಟ್ಟೆ ತೊಳೆಯುವವರ ಮನೆಯದೆಂದು ಹೇಳಿದರೆ ಅದೂ ಇಲ್ಲ.

ಏನು ಮಾಡಬೇಕೆಂದು ಹುಡುಗನು ನನ್ನನ್ನು ಕೇಳಿದನು. ಚರಿತ್ರೆಯ ಮೇಷ್ಟರಿಗೆ ಈ ಪ್ರಶ್ನೆಗೆ ಉತ್ತರ ಸುಲಭವೆಂದು ತೋರಬಹುದು. ಸುಳ್ಳು ಬರೆಯಬೇಡವೆಂದು ಹೇಳಿಬಿಡಬಹುದು. ಆದರೆ ಸುಳ್ಳನ್ನು ಬಿಟ್ಟರೆ ಆ ಮನೆಗೆ ಉಳಿಯುವುದು ಕಳವಿನ ಅಪವಾದ ಮಾತ್ರ ಆಗಬಾರದಲ್ಲ! ಆದುದರಿಂದ ನಾನು ಅವನ ಊರಿಗೆ ಹೋಗಿ ಅಜ್ಜಿಯನ್ನು ಕಂಡೆನು. ಆ ಮುತ್ತಜ್ಜನ ಸೊಸೆ ಆಕೆ. ಮೊದಲು ಆಕೆ ಚಮಚದ ಮಾತನ್ನೇ ಎತ್ತಲಿಲ್ಲ; ಕಾಫಿ ಕೊಟ್ಟು, ಮಳೆಯ ಮಾತನಾಡಿ, ಕೊನೆಗೆ ತಾನಾಗಿಯೇ ಹೇಳಿದಳು:

"ಮೇಷ್ಟ್ರೆ, ನಮ್ಮ ಮಾವಾರು ಅದನ್ನ ಕೇಳಿ ತಂದ್ರೋ, ಕೇಳ್ದೆ ತಂದ್ರೋ, ನಂಗೊತ್ತಿಲ್ಲ. ನಾನು ಈ ಮನೀಗೆ ಬರೋ ಹೊತ್ತಿಗೇ ಇತ್ತು. ಆದ್ರೆ ರಾಜ್ರು ಕೊಟ್ರು ಅಂತ ಮಾತ್ರ ನಾನು ಹೇಳಾಕಿಲ್ಲ. ಅವ್ರು ರಾಜ್ರನ್ನ ಕಂಡೋರಲ್ಲ. ಅವ್ರು ಕಂಡಿದ್ದು ರಾತ್ರಿ ಹನ್ನೆರಡು ಗಂಟೆವರ್ಗೂ ಎಂಜಲು ತಟ್ಟೆ. ಅದನ್ನ ಬೇಕಾರೆ ಬರ್ಕಳ್ರಿ."

ನಾನು ಬರೆದುಕೊಂಡೆನು. ಮಾವನವರು ಎಷ್ಟನೆಯ ವಯಸ್ಸಿನಲ್ಲಿ ಮೈಸೂರಿಗೆ ಹೋದರು, ಯಾರ ಸಂಗಡ ಹೋದರು, ಸಂಬಳವನ್ನು ಊರಿಗೆ ಹೇಗೆ ಕಳುಹಿಸುತ್ತಿದ್ದರು, ಬಿಸಿನೀರಿನಲ್ಲಿಯೂ ಸೋಡದಲ್ಲಿಯೂ ನೆನೆದು ಅವರ ಬೆರಳುಗಳ ಚರ್ಮ ಹೇಗೆ ಸುಲಿಯುತ್ತಿದ್ದಿತು, ಮುದುಕರಾದ ಮೇಲೆಯೂ ಮನೆಯಲ್ಲಿ ಯಾರಾದರೂ ತಟ್ಟೆಯನ್ನು ಸರಿಯಾಗಿ ಬೆಳಗದಿದ್ದರೆ ತಾವೇ ಎದ್ದು ಹೋಗಿ ಹೇಗೆ ಬೆಳಗುತ್ತಿದ್ದರು, ಇವೆಲ್ಲವನ್ನೂ ಆಕೆ ಹೇಳಿದಳು. ಚಮಚದ ವಿಷಯದಲ್ಲಿ ಮೂರು ಸಾಧ್ಯತೆಗಳಿವೆ. ಬೆಳ್ಳಿ ಸವೆದ ಚಮಚಗಳನ್ನು ಹೋಟೆಲಿನವರು ತೆಗೆದುಹಾಕುವಾಗ ಆಳಿಗೆ ದೊರೆತಿರಬಹುದು, ಯಾವ ಅತಿಥಿಯೋ ಮೇಲ್ವಿಚಾರಕನೋ ಕೊಟ್ಟಿರಬಹುದು, ಕೇಳದೆ ತಂದಿರಬಹುದು. ಮೂರರಲ್ಲಿ ಯಾವುದೆಂಬುದನ್ನು ಚಮಚವು ಹೇಳುವುದಿಲ್ಲ. ಹೋಟೆಲಿನ ರಿಜಿಸ್ಟರಿನಲ್ಲಿ ತಂಗಿದವರ ಹೆಸರಿರುತ್ತದೆಯೇ ಹೊರತು ತೊಳೆದವರ ಹೆಸರಿರುವುದಿಲ್ಲ. ಆ ಮನುಷ್ಯನು ಅಲ್ಲಿ ದುಡಿದನೆಂಬುದಕ್ಕೆ ಈ ಪ್ರಪಂಚದಲ್ಲಿ ಉಳಿದಿರುವ ಒಂದೇ ಒಂದು ಕುರುಹು ಆ ಚಮಚ. ಅದು ಮಹಾರಾಜರ ಇನಾಮೆಂದು ಬರೆದುಕೊಟ್ಟ ಕ್ಷಣದಲ್ಲಿ ಆ ಕುರುಹೂ ಅಳಿಸಿಹೋಗುತ್ತದೆ. ವ್ಯಾಪಾರಿಯು ಇಮ್ಮಡಿ ಬೆಲೆ ಕೊಡುತ್ತೇನೆಂದದ್ದು ಅದನ್ನು ಅಳಿಸುವುದಕ್ಕೆ.

ಚಮಚವನ್ನು ಅವರು ಮಾರಲಿಲ್ಲ. ಮಾರಿದ್ದರೂ ನಾನು ತಪ್ಪೆಣಿಸುತ್ತಿರಲಿಲ್ಲ. ಮನೆಯ ಕಷ್ಟ ಮನೆಯವರಿಗೆ ಗೊತ್ತು. ನಿಜವನ್ನು ಬರೆದು ಮಾರಿರಿ ಎಂಬುದಷ್ಟೇ ನನ್ನ ಮಾತಾಗಿತ್ತು. ಹುಡುಗನು ಒಂದು ಚೀಟಿಯನ್ನು ಬರೆದು ಚಮಚದ ಸಂಗಡ ಇಟ್ಟಿದ್ದಾನೆ. ಅದರಲ್ಲಿ ಮುತ್ತಜ್ಜನ ಹೆಸರು, ಊರು, ಮಾಡಿದ ಕೆಲಸ, ಸುಮಾರಾದ ಕಾಲ, ಚಮಚವು ಮನೆಯಲ್ಲಿ ಆದ ಉಪಯೋಗ ಇವಿಷ್ಟು ಇವೆ. ಕೊನೆಯ ಸಾಲು, "ದೊರೆತ ಬಗೆ ತಿಳಿಯದು" ಎಂದು. ಅಜ್ಜಿಗೆ ಓದಿ ಹೇಳಿದಾಗ ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಚಮಚವನ್ನು ತೊಳೆದು ಅಡಿಗೆಮನೆಯ ಗೂಡಿನಲ್ಲಿ, ಎಲ್ಲರಿಗೂ ಕಾಣುವ ಕಡೆ ಇಟ್ಟಳು.

ಶ್ರೋತೃಗಳಲ್ಲಿ ನನ್ನ ಬಿನ್ನಹ ಇಷ್ಟೇ. ನಿಮ್ಮ ಮನೆಯ ಅಟ್ಟದ ಮೇಲೆ, ಟ್ರಂಕಿನ ತಳದಲ್ಲಿ, ಇಂಥ ಲೇಬಲ್ಲೋ ಬಿಲ್ಲೋ ಬಿಲ್ಲೆಯೋ ಚಮಚವೋ ಇರಬಹುದು. ಮೆಟ್ರೊಪೋಲಿನದಿರಬಹುದು, ವೆಸ್ಟ್ ಎಂಡಿನದಿರಬಹುದು, ಹೆಸರೇ ಸವೆದುಹೋದದ್ದಿರಬಹುದು. ಅದರ ಬೆಲೆಯನ್ನು ವಿಚಾರಿಸುವುದಕ್ಕೆ ಮುಂಚೆ ಅದನ್ನು ತಂದವರು ಯಾರು, ಅಲ್ಲಿ ಅವರು ಉಂಡವರೋ ಬಡಿಸಿದವರೋ ತೊಳೆದವರೋ ಎಂಬುದನ್ನು ಮನೆಯ ಹಿರಿಯರನ್ನು ಕೇಳಿ ಒಂದು ಚೀಟಿಯಲ್ಲಿ ಬರೆದಿಡಿರಿ. ತಿಳಿದದ್ದನ್ನು ತಿಳಿದದ್ದೆಂದೂ ತಿಳಿಯದ್ದನ್ನು ತಿಳಿಯದೆಂದೂ ಬರೆಯಿರಿ. ಹಿರಿಯರು ಇರುವಾಗಲೇ ಬರೆಯಿರಿ. ಹಿತ್ತಾಳೆ ಕಾಯುತ್ತದೆ, ಅವರು ಕಾಯಲಾರರು.